ಬುಡಾಪೆಸ್ಟಿನ ಟ್ರಾಮಿನಲ್ಲಿ ಅತ್ತೆ

ಗಜೇಂದ್ರಗಡದಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಲೈಸೆನ್ಸು ಅತ್ತೆ ಶಿವಗಂಗವ್ವನವರ ಹೆಸರಿನಲ್ಲಿದೆ, ಗಲ್ಲಾದ ಮುಂದೆ ಕೂಡುವವರೂ ಅವರೇ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಬೀಜದ ಕಂಪನಿಯೊಂದು ಯುರೋಪಿಗೆ ಕರೆದೊಯ್ದಾಗ ಟಿಕೆಟ್ಟು ಅವರ ಹೆಸರಿಗೇ ಬಂತು. ಜೊತೆಗೆ ಮನೆಯವರೊಬ್ಬರು ಹೋಗಬಹುದಿತ್ತು. ನನ್ನ ಗಂಡ ಆಗಲೇ ಹೊಸ ಬೂಟು ತಂದಿದ್ದರು. ಅತ್ತೆ ಊಟಕ್ಕೆ ಕೂತಲ್ಲೇ ತೀರ್ಪು ಕೊಟ್ಟರು. “ನೀ ಅಂಗಡಿ ನೋಡ್ಕೋ. ಸುನಂದಾ ಬರ್ತಾಳ ನನ್ನ ಜೋಡಿ.”

ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಇಷ್ಟು ವರ್ಷಗಳಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಒಂದು ಕೋಣೆಯಲ್ಲಿ ಮಲಗಿದವರಲ್ಲ. ರೊಟ್ಟಿ, ಪಲ್ಯ, ಬಂದವರು ಹೋದವರ ಮಾತು ಬಿಟ್ಟರೆ ನಮ್ಮ ನಡುವೆ ಬೇರೆ ಮಾತೂ ಇರಲಿಲ್ಲ.

ರೋಣ, ಗದಗ ದಾಟಿ ಹುಬ್ಬಳ್ಳಿಗೆ ಬಂದು ತಂಡ ಸೇರಿಕೊಂಡೆವು. ನಲವತ್ತು ಜನರಲ್ಲಿ ನಮ್ಮ ಕಡೆಯವರೆಂದರೆ ನರಗುಂದದ ಇಮಾಮಸಾಬ್ ಕಾಕಾ ಒಬ್ಬರೇ. ಅವರದೂ ಬೀಜದ ಅಂಗಡಿ, ಅತ್ತೆಗೆ ಹಳೆಯ ಪರಿಚಯ. ತಂಡ ನೋಡಿಕೊಳ್ಳಲು ಹುಬ್ಬಳ್ಳಿಯ ವಿನಾಯಕ ಎಂಬ ಚುರುಕಿನ ತರುಣ ಇದ್ದ. ವಿಮಾನದಲ್ಲಿ ಯುರೋಪಿನ ವಿಯೆನ್ನಾ ನಗರ ಮುಟ್ಟಿ, ಎರಡು ದಿನ ಕಳೆದು, ಅಲ್ಲಿಂದ ಬಸ್ಸಿನಲ್ಲಿ ಹಂಗೇರಿಯ ರಾಜಧಾನಿ ಬುಡಾಪೆಸ್ಟಿಗೆ ಬಂದಾಗ ಸಂಜೆಯಾಗಿತ್ತು. ನಮಗಲ್ಲಿ ಉಳಿದದ್ದು ಮಾರನೆಯ ಒಂದು ಹಗಲು ಮಾತ್ರ. ರಾತ್ರಿ ವಿಮಾನ.

ಬೆಳಿಗ್ಗೆ ನದಿಯ ಆಚೆ ದಂಡೆಯ ಗುಡ್ಡದ ಮೇಲಿನ ಅರಮನೆ ನೋಡಿದೆವು. ನವೆಂಬರಿನ ಚಳಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅತ್ತೆ ಇಳಕಲ್ ಸೀರೆಯ ಮೇಲೆ ಮಗನ ಸ್ವೆಟರ್ ತೊಟ್ಟು, ತಲೆಗೆ ಶಾಲು ಸುತ್ತಿಕೊಂಡಿದ್ದರು. ಕೆಳಗೆ ಡ್ಯಾನ್ಯೂಬ್ ನದಿ ಅಗಲವಾಗಿ ಹರಿಯುತ್ತಿತ್ತು. “ಇಷ್ಟ ನೀರು! ಇದರಾಗ ಅರ್ಧಾ ನಮ್ಮ ಕಡೆ ಹರದಿದ್ರ!” ಎಂದರು. ಅವರು ನೋಡಿದ್ದನ್ನು ನನಗಾಗಿ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಊಟದ ನಂತರ ಸಂಸತ್ ಭವನದ ಹತ್ತಿರ ಬಸ್ಸು ನಿಂತಿತು. ನಾಲ್ಕಕ್ಕೆ ಇಲ್ಲಿಂದಲೇ ವಿಮಾನ ನಿಲ್ದಾಣಕ್ಕೆ ಹೊರಡುವುದು, ಅಲ್ಲಿಯವರೆಗೆ ತಿರುಗಾಡಬಹುದು ಎಂದು ವಿನಾಯಕ ಹೇಳಿದ. ನದಿಯ ದಂಡೆಗುಂಟ ಹಳಿಗಳ ಮೇಲೆ ಹಳದಿ ಬಣ್ಣದ ಟ್ರಾಮ್ ಓಡುತ್ತದೆ. ಅದರಲ್ಲಿ ಒಮ್ಮೆ ಹೋಗಿ ಬಂದರೆ ಅರ್ಧ ಊರು ಕಾಣುತ್ತದೆಂದು ಓದಿದ್ದೆ. ಒಬ್ಬರ ಟಿಕೆಟ್ಟು ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಗಿಂತ ತುಸು ಹೆಚ್ಚು. ಅತ್ತೆ ಕಿಟಕಿಗೆ ಮುಖ ಹಚ್ಚಿ ಕೂತರು. ಹಸಿರು ಬಣ್ಣದ ಕಬ್ಬಿಣದ ಸೇತುವೆಯ ಹತ್ತಿರ ಇಳಿದು, ಸೇತುವೆಯ ನಡುವಿನವರೆಗೆ ನಡೆದು ಹಡಗುಗಳನ್ನು ನೋಡಿದೆವು. ಮೂರು ಗಂಟೆಯ ಸುಮಾರಿಗೆ ಮರಳಿ ನಿಲುಗಡೆಗೆ ಬಂದೆವು.

ಟ್ರಾಮ್ ಬಂತು. ಬಹಳ ಜನ ಇಳಿದರು. ಅತ್ತೆಯನ್ನು ಮುಂದೆ ಹತ್ತಿಸಿ, ನಾನು ಕೆಳಗಿಟ್ಟಿದ್ದ ಚೀಲಕ್ಕೆ ಬಾಗಿದೆ. ತಲೆ ಎತ್ತುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಗಾಜಿನ ಆಚೆ ಅತ್ತೆ ತಿರುಗಿ ನೋಡಿದರು. ನಾನು ಗಾಜು ಬಡಿದೆ. ಟ್ರಾಮ್ ಹೊರಟೇಬಿಟ್ಟಿತು.

“ಮುಂದಿನ ಸ್ಟಾಪಿಗೆ ಇಳೀರಿ! ಅಲ್ಲೇ ನಿಂದರ್ರಿ!” ಎಂದು ಕೂಗುತ್ತ ಸ್ವಲ್ಪ ದೂರ ಓಡಿದೆ. ಅವರಿಗೆ ಕೇಳಿಸಿತೋ ಇಲ್ಲವೋ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಅವರ ಫೋನು ಆ ದೇಶದಲ್ಲಿ ನಡೆಯುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ, ಬಿಸ್ಕಿಟ್ಟು, ನೀರು ಎಲ್ಲವೂ ನನ್ನ ಚೀಲದಲ್ಲಿದ್ದವು.

ಮುಂದಿನ ಟ್ರಾಮಿನಲ್ಲಿ ಬಾಗಿಲಿಗೇ ಅಂಟಿಕೊಂಡು ನಿಂತೆ. ಮುಂದಿನ ನಿಲುಗಡೆಯಲ್ಲಿ ಇಳಿದು ನೋಡಿದೆ. ಇಬ್ಬರು ಕಾಲೇಜು ಹುಡುಗಿಯರ ಹೊರತು ಯಾರೂ ಇರಲಿಲ್ಲ. ಸೀರೆ, ಶಾಲು ಎಂದೆಲ್ಲ ಕೈಸನ್ನೆ ಮಾಡಿ ಇಂಗ್ಲಿಷಿನಲ್ಲಿ ಕೇಳಿದೆ. ಈಗಷ್ಟೇ ಬಂದೆವು, ನೋಡಲಿಲ್ಲ ಎಂದರು. ಹಾಗಾದರೆ ಇಳಿಯಲೇ ಇಲ್ಲ, ಸಂಸತ್ ಭವನದ ಗೋಪುರ ಗುರುತು ಹಿಡಿದು ಅಲ್ಲಿ ಇಳಿದಿರುತ್ತಾರೆ ಎಂದುಕೊಂಡು ಮತ್ತೆ ಟ್ರಾಮ್ ಹತ್ತಿದೆ.

ಬಸ್ಸಿನ ಹತ್ತಿರ ಇಮಾಮಸಾಬ್ ಕಾಕಾ ಒಬ್ಬರೇ ಬಿಸಿಲಿಗೆ ನಿಂತಿದ್ದರು. ನನ್ನ ಮುಖ ನೋಡಿಯೇ, “ಶಿವಗಂಗವ್ವ ಎಲ್ಲೆ?” ಎಂದರು.

ಹೇಳುವಾಗ ಅಳು ಬಂತು. ವಿನಾಯಕ ಓಡಿ ಬಂದ. ಪೊಲೀಸರಿಗೆ ಫೋನು ಹಚ್ಚಿದ. ಆಮೇಲೆ ನೆಲ ನೋಡುತ್ತ, “ಅಕ್ಕಾರ, ಬಸ್ಸು ಭಾಳ ಹೊತ್ತು ತಡಿಯಾಕ ಆಗೂದಿಲ್ರಿ. ವಿಮಾನ ತಪ್ಪಿದ್ರ ನಲವತ್ತು ಮಂದಿ ಇಲ್ಲೇ ಉಳೀತೇವಿ,” ಎಂದ. ಅವನ ಮಾತು ತಪ್ಪಲ್ಲವೆಂದು ನನಗೂ ಗೊತ್ತಿತ್ತು.

“ನೀವು ಹೋಗ್ರಿ. ನಾ ಅತ್ತೀನ ಬಿಟ್ಟು ಬರೂದಿಲ್ಲ,” ಎಂದೆ.

ಕಾಕಾ ನಡುವೆ ಬಂದರು. “ಹೋಗೂ ಮಾತು ಆಮ್ಯಾಲೆ. ಸುನಂದಾ, ನೀ ಬಿಟ್ಟ ಜಾಗಾಕ್ಕ ವಾಪಸ್ ಹೋಗು. ಈ ಸ್ಟಾಪಿನಾಗ ನಾ ನಿಂದ್ರತೀನಿ. ಬಂದ್ಲಂದ್ರ ಕೈ ಹಿಡಕೊಂಡು ಕುಂದ್ರಸ್ತೀನಿ.”

ಮರಳಿ ಹೋಗುವಾಗ ದಾರಿಯುದ್ದಕ್ಕೂ ಒಂದು ಕಡೆ ನದಿಯೇ. ಬೆಳಿಗ್ಗೆ ಅಷ್ಟು ಚೆಂದ ಕಂಡಿದ್ದ ನೀರನ್ನು ಈಗ ನೋಡಲಾಗಲಿಲ್ಲ. ಕೆಲವು ಕಡೆ ದಂಡೆಗೆ ಕಟಾಂಜನವೂ ಇಲ್ಲ, ಮೆಟ್ಟಿಲುಗಳು ನೇರ ನೀರಿಗೇ ಇಳಿಯುತ್ತವೆ. ತಲೆ ಸುತ್ತಿ ಬಂದರೆ? ಗಂಡನಿಗೆ ಫೋನು ಮಾಡಬೇಕೆಂದು ಎರಡು ಸಲ ಹೆಸರು ಒತ್ತಿ ಕಟ್ ಮಾಡಿದೆ. ಏನೆಂದು ಹೇಳುವುದು?

ಹಸಿರು ಸೇತುವೆಯ ನಿಲುಗಡೆಯಲ್ಲೂ ಅತ್ತೆ ಇರಲಿಲ್ಲ.

ಸೂರ್ಯ ಗುಡ್ಡದ ಹಿಂದೆ ಸರಿಯುತ್ತಿದ್ದ. ಬೆಂಚಿನ ಮೇಲೆ ಕುಸಿದು ಕೂತೆ. ಒಬ್ಬ ಹೆಂಗಸು ಬಂದು ತನ್ನ ಭಾಷೆಯಲ್ಲಿ ಏನೋ ಕೇಳಿದಳು. ನಾನು ಬರೀ ತಲೆ ಅಲ್ಲಾಡಿಸಿದೆ. ಆಗ ಒಂದು ವಿಚಾರ ಹೊಳೆಯಿತು. ಅತ್ತೆಗೆ ಗಂಟೆಗೊಮ್ಮೆ ಶೌಚಕ್ಕೆ ಹೋಗಲೇಬೇಕು. ಊಟದ ಹೋಟೆಲ್ ಬಿಟ್ಟ ಮೇಲೆ ಹೋಗಿಯೇ ಇರಲಿಲ್ಲ. ಒಂದು ವೇಳೆ ಇಲ್ಲಿಗೆ ಬಂದಿದ್ದರೆ, ನಿಂತು ನಿಂತು ತಾಳಲಾರದೆ ಹೋಗಿರಬೇಕು. ಎಲ್ಲಿಗೆ? ರಸ್ತೆಯ ಆಚೆ ರೈಲು ನಿಲ್ದಾಣದಷ್ಟು ದೊಡ್ಡ ಕೆಂಪು ಇಟ್ಟಿಗೆಯ ಮಾರುಕಟ್ಟೆಯ ಕಟ್ಟಡ ಇತ್ತು. ಜನ ಕಾಯಿಪಲ್ಲೆಯ ಚೀಲ ಹಿಡಿದು ಹೊರಬರುತ್ತಿದ್ದರು.

ಓಡಿದೆ. ಒಳಗೆ ಶೌಚಾಲಯದ ಬಾಗಿಲಲ್ಲಿ ಚಿಲ್ಲರೆ ಪಡೆದು ಒಳಬಿಡುವ ವಯಸ್ಸಾದ ಹೆಂಗಸು ಕೂತಿದ್ದಳು. ನಾನು ಫೋನಿನಲ್ಲಿದ್ದ ಅತ್ತೆಯ ಫೋಟೋ ತೋರಿಸಿದೆ. ಅವಳು ಎದ್ದೇ ನಿಂತಳು. ತನ್ನ ತಲೆಯ ಮೇಲೆ ಸೆರಗು ಹೊದ್ದಂತೆ ಮಾಡಿ ತೋರಿಸಿ, ಜೋರಾಗಿ ಏನೋ ಹೇಳುತ್ತ, ನನ್ನ ರಟ್ಟೆ ಹಿಡಿದು ಅಂಗಡಿಗಳ ಸಾಲಿನತ್ತ ಎಳೆದೊಯ್ದಳು.

ಒಣಮೆಣಸಿನಕಾಯಿಯ ಸರಗಳು ತೂಗಾಡುವ ಅಂಗಡಿಯೊಂದರ ಒಳಗೆ, ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಕೈಯಲ್ಲಿ ಚಹಾದ ಲೋಟ. ಅಂಗಡಿಯವಳ ಕೋಟು ಅವರ ಹೆಗಲ ಮೇಲಿತ್ತು.

ನನ್ನನ್ನು ಕಂಡದ್ದೇ ಎದ್ದು ನಿಂತು ಗದರಿದರು. “ಎಲ್ಲಿ ಕಳದು ಹೋಗಿದ್ದಿ? ಎಷ್ಟ ಹುಡುಕಲಿ ನಿನ್ನ?” ಬೈಯುತ್ತಲೇ ನನ್ನ ಕೆನ್ನೆ ಒರೆಸಿದರು.

ಅಂಗಡಿಯವಳಿಗೆ ಕೈ ಮುಗಿದೆ. ಹಣ ಕೊಡಲು ಹೋದರೆ ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಶೌಚಾಲಯದ ಬಾಗಿಲಲ್ಲಿ ಚಿಲ್ಲರೆ ಇಲ್ಲದೆ ನಿಂತಿದ್ದ ಅತ್ತೆಗೆ ನಾಣ್ಯ ಕೊಟ್ಟವಳೂ ಅವಳೇ ಎಂದು ಆಮೇಲೆ ತಿಳಿಯಿತು. ನಾನು ವಿನಾಯಕನಿಗೆ ಫೋನು ಹಚ್ಚಿ, “ಸಂತ್ಯಾಗ ಸಿಕ್ಕಾರ, ಬರಾಕತ್ತೇವಿ,” ಎಂದೆ. ಟ್ರಾಮ್ ನೆಚ್ಚದೆ ಟ್ಯಾಕ್ಸಿ ಹಿಡಿದೆವು. ವಾಹನಗಳ ದಟ್ಟಣೆಯಲ್ಲಿ ಪ್ರತಿ ಸಿಗ್ನಲ್ಲೂ ಕೆಂಪೇ. ನಾಲ್ಕು ದಾಟಿ ಹೋಗಿತ್ತು. ಮೂಲೆ ತಿರುಗಿದಾಗ ಬಸ್ಸು ಎಂಜಿನ್ ಹಚ್ಚಿಕೊಂಡು ನಿಂತಿತ್ತು. ಅದರ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟುಕೊಂಡು ಇಮಾಮಸಾಬ್ ಕಾಕಾ ನಿಂತಿದ್ದರು. ಅವರು ಹಾಗೆ ನಿಂತರೆ ಚಾಲಕ ಬಾಗಿಲು ಹಾಕುವಂತಿರಲಿಲ್ಲ.

“ಏನವಾ ಶಿವಗಂಗವ್ವ, ಸಂತಿ ಆತೇನ?” ಎಂದರು ಕಾಕಾ. ಅವರ ಕಣ್ಣು ಒದ್ದೆಯಾಗಿತ್ತು.

ಬಸ್ಸಿನಲ್ಲಿ ಅತ್ತೆ ನಡೆದದ್ದನ್ನು ಹೇಳಿದರು. ಮುಂದಿನ ನಿಲುಗಡೆಯಲ್ಲೇ ಇಳಿದು, ಹಳಿ ಹಿಡಿದು ಹೋದರೆ ದಾರಿ ತಪ್ಪುವುದಿಲ್ಲವೆಂದು ನದಿಯ ದಂಡೆಗುಂಟ ಹಿಂದಕ್ಕೆ ನಡೆದಿದ್ದರು. “ನೀ ಟ್ರಾಮಿನ್ಯಾಗ ಬಾಗಲದಾಗ ನಿಂತು ಹಾದು ಹೋದಿ. ಎರಡೂ ಕೈ ಎತ್ತಿ ಒದರಿದೆ. ನೀ ನೋಡಲಿಲ್ಲ.”

“ಭಾಳ ಹೆದರಿದ್ರೇನ್ರಿ?” ಎಂದೆ.

ಅವರು ಕಿಟಕಿಯ ಹೊರಗೆ ನೋಡಿದರು. ಸೇತುವೆಗಳ ದೀಪಗಳು ಹತ್ತಿಕೊಂಡು ನೀರೆಲ್ಲ ಬಂಗಾರವಾಗಿತ್ತು.

“ನನಗೇನ ಆಗತಿತ್ತು? ಮುದುಕಿ, ಯಾರರ ಒಂದ ತುತ್ತು ಹಾಕ್ತಿದ್ರು. ನನ್ನ ಬಿಟ್ಟು ನೀ ಒಬ್ಬಾಕಿ ಊರಿಗೆ ಹ್ಯಾಂಗ ಹೋಗ್ತಿ, ಮಂದಿ ನಿನಗ ಏನೇನ ಅಂತಾರ, ಅದ ಹೆದರಿಕಿ ಆತು ನನಗ.”

ಗುಳಿಗೆ ಕೊಟ್ಟೆ, ನೀರು ಕೊಟ್ಟೆ. ನುಂಗಿ, ನನ್ನ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋದರು. ವಿಮಾನ ನಿಲ್ದಾಣ ಬರುವವರೆಗೆ ನಾನು ಅಲುಗಾಡಲಿಲ್ಲ.

ಗಜೇಂದ್ರಗಡ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ನನ್ನ ಗಂಡ ಅಂಗಡಿ ಬಿಟ್ಟು ಬಸ್ ನಿಲ್ದಾಣಕ್ಕೇ ಬಂದಿದ್ದರು. ಚೀಲ ಎತ್ತಿಕೊಳ್ಳುತ್ತ, “ಹ್ಯಾಂಗಿತ್ತವಾ ಆ ಊರು?” ಎಂದು ಕೇಳಿದರು.

“ಊರು ಚಲೋ ಐತಿ. ಮಂದೀನೂ ಚಲೋ ಅದಾರ,” ಎಂದರು ಅತ್ತೆ. ನನ್ನ ಕಡೆ ಒಮ್ಮೆ ನೋಡಿ ಮುಂದುವರಿಸಿದರು. “ಬಾಗಲಾ ಅಷ್ಟ ಭಾಳ ಲಗೂ ಮುಚ್ಚತಾವ.”

ನಾನು ನಕ್ಕುಬಿಟ್ಟೆ. ಅತ್ತೆಯೂ ನಕ್ಕರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನನ್ನ ಗಂಡ ಚೀಲ ಹಿಡಿದುಕೊಂಡು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತ ನಿಂತರು.