ಬೀಗರ ಮನೆಗೆ ಬಾಳೆಗೊನೆ

ದೇಶ ಬಿಟ್ಟು ಓಡಿಹೋದೋನು ನಾನು. ದೇಶ ಅಂದ್ರೆ ನಮ್ಮ ಮೈಸೂರು ಸೀಮೆ. ಓಡಿದ್ದು ನಂಜನಗೂಡಿಂದ ನರಸೀಪುರದ ಮೇಲೆ ಹಾದು ಕೊಳ್ಳೇಗಾಲದ ಕಡೆಗೆ, ಇಂಗ್ಲಿಷರ ಸೀಮೆಗೆ. ವಿಲಾಯ್ತಿಗೆ ಹೋದೋರೂ ನನ್ನಷ್ಟು ಜಂಬ ಪಟ್ಟಿರಲ್ಲ.

ನಾನು ನಂಜನಗೂಡು ತಾಲೂಕಿನ ಅಮಲ್ದಾರ್ರ ಕೈಕೆಳಗೆ ಗುಮಾಸ್ತ. ಹುಲ್ಲಹಳ್ಳಿ ಕಡೆ ಒಂದು ಕಾಲುವೆ ಏರಿ ಕುಸಿದು, ಬಿಟ್ಟಿ ಕೆಲಸಕ್ಕೆ ಹಿಡಿದು ತಂದಿದ್ದ ಆಳುಗಳು ಮಣ್ಣಡಿ ಸಿಕ್ಕೊಂಡ್ರು. ಅಗೆದು ತೆಗೆಸೋ ಬದಲು ಅಮಲ್ದಾರ್ರು ಮೇಲೆ ಇನ್ನಷ್ಟು ಮಣ್ಣು ಹಾಕ್ಸಿ ಏರಿ ಗಟ್ಟಿ ಮಾಡಿಸಿದ್ರು. ಕಾಲರಾ ಬಂದು ಸತ್ರು ಅಂತ ಮೈಸೂರಿಗೆ ವರದಿ ಹೋಯ್ತು. ಬರೆದೋನು ನಾನೇ, ದುಂಡಗೆ ಬರೆದೆ. ಇದು ಸರ್ಕಾರದ ಗುಟ್ಟು, ಬಾಯಿ ಬಿಟ್ರೆ ಕೈ ಉಳಿಯಲ್ಲ ಅಂದಿದ್ರು.

ನನ್ನ ಬಾಯೋ, ತೂತು ಬಿದ್ದ ಮಡಕೆ. ಹುಲ್ಲಹಳ್ಳಿ ಸಂತೇಲಿ ಒಬ್ಬ ಹೆಂಗಸು, ಗಂಡನ ಹೆಣನಾದ್ರೂ ಕೊಡಿಸಿ ಅಂತ ನಮ್ಮ ಜವಾನನ ಕಾಲು ಹಿಡಿದಿದ್ಲು. ಅವನು ಒದ್ದ. ನಾನು ಉಪ್ಪಿನ ಮೂಟೆ ಹತ್ತಿ ಎಲ್ಲಾನೂ ಕೂಗಿ ಹೇಳಿಬಿಟ್ಟೆ. ಮೂಟೆ ಜಾರಿ ಮೂತಿ ಅಡಿಯಾಗಿ ಬಿದ್ದೆ. ಭಾಷಣ ಅಲ್ಲಿಗೆ ಮುಗೀತು.

ನರಸೀಪುರದವರೆಗೂ ಹುಲ್ಲಿನ ಗಾಡಿಯೊಳಗೆ ಹೂತ್ಕೊಂಡು ಸೀನ್ತಾ ಹೋದೆ. ಅಲ್ಲಿಂದ ಕಾಲ್ನಡಿಗೆ. ಗಡಿಕಲ್ಲು ದಾಟಿದ್ದೇ ತಡ, ತಿರುಗಿ ನಿಂತು ಮೈಸೂರು ಸೀಮೆ ಕಡೆಗೆ ಉಚ್ಚೆ ಹುಯ್ದೆ. ಎದುರುಗಾಳಿ. ಪಂಚೆಯೆಲ್ಲಾ ನೆನೀತು.

ಹಂಗೇ ನಾರ್ತಾ ಆ ಸೀಮೆ ತಹಶೀಲ್ದಾರ್ರ ಮನೆ ಮುಂದೆ ನಿಂತೆ, ಆಸರೆ ಕೇಳೋಕೆ. ಜಗಲೀಲಿ ಅವರ ತಾಯಿ ಕೂತಿದ್ರು.

"ಯಾರ ಮಗನಪ್ಪ? ಯಾವ ಮಠದ ಒಕ್ಕಲು?"

ಸುಳ್ಳು ಹೆಸರು ಒಂದನ್ನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಆದ್ರೆ ಒಳಗಿಂದ ಅವರೆಕಾಳು ಸಾರಿನ ವಾಸನೆ ಬಂತು. ಮಠ ಯಾವ್ದು ಅಂತ ಗೊತ್ತಾಗ್ದೆ ನಮ್ಮೋರು ಯಾರೂ ಒಳಗೆ ಎಲೆ ಹಾಕಲ್ಲ. ಮಠ, ಅಪ್ಪ, ತಾತ, ಕಚೇರಿ, ಎಲ್ಲಾ ಒಪ್ಪಿಸಿದೆ.

"ಅಯ್ಯೋ, ನಮ್ಮೋನೇ ಕಣಪ್ಪ ನೀನು. ನಿಮ್ಮ ಅಮಲ್ದಾರ್ರ ಮಗನಿಗೇ ನನ್ನ ಮೊಮ್ಮಗಳನ್ನ ಕೊಟ್ಟಿರೋದು. ಬಾ, ಉಣ್ಣು."

ಉಂಡೆ. ಎದ್ದು ಓಡ್ಬೇಕಿತ್ತು, ಆದ್ರೂ ಎರಡನೇ ಮುದ್ದೆಗೂ ಕೈ ಚಾಚಿದೆ. ಕೈ ತೊಳ್ಯೋ ಹೊತ್ತಿಗೆ ತಹಶೀಲ್ದಾರ್ರು ಬಂದ್ರು. ಅವರ ಕಾಲಿಗೆ ಬಿದ್ದೆ. ಸತ್ತೋರ ವಿಷಯ ಹೇಳ್ದೆ, ಇದು ಬೇರೆ ಸರ್ಕಾರ ಅಲ್ವಾ ಸ್ವಾಮಿ ಅಂದೆ. ಅವರು ಪೂರ್ತಿ ಕೇಳಿದ್ರು, ಪಾಪ.

"ಸರ್ಕಾರ ಬೇರೆ ಕಣಯ್ಯ. ನಿನ್ನ ಇಟ್ಕೊಂಡ್ರೆ ನಮ್ಮ ಹುಡುಗಿ ಆ ಮನೇಲಿ ಬಾಳೋದು ಹೆಂಗೆ?"

ಕೈ ಕಟ್ಟಿಸಿದ್ರು, ವಾಪಸ್ ನಂಜನಗೂಡಿಗೆ ಕಳಿಸೋಕೆ. ಹೊರಡೋವಾಗ ಅಜ್ಜಿ ತಡೆದು, ಬೀಗರ ಮನೆಗೆ ಬರಿಗೈಲಿ ಕಳಿಸೋದುಂಟಾ ಅಂದು ಹಿತ್ತಿಲಿಂದ ಒಂದು ಗೊನೆ ಕಡಿಸಿದ್ರು. ಕೈ ಕಟ್ಟಿತ್ತಲ್ಲ, ಅದನ್ನ ಬೆನ್ನಿಗೆ ಬಿಗಿದ್ರು. ನಂಜನಗೂಡಿಗೆ ಬಾಳೆಹಣ್ಣು ಹೊತ್ತ ಮೊದಲನೇ ಕತ್ತೆ ನಾನೇ ಇರ್ಬೇಕು. ನರಸೀಪುರದಲ್ಲಿ ಜನ ರೇಟು ಕೇಳಿದ್ರು.

ಅಮಲ್ದಾರ್ರು ಒಂದು ಹಣ್ಣು ಸುಲಿದು ತಿಂದು, ನಮ್ಮ ರಸಬಾಳೆ ಮುಂದೆ ಇದು ಬರೀ ಸಪ್ಪೆ ಅಂದ್ರು. ಸೊಸೇನೂ ಕರೆದು ತವರಿನ ಹಣ್ಣು ಕೊಟ್ರು. ಆಮೇಲೆ ನನ್ನ ಬಲಗೈ ಬೆರಳುಗಳನ್ನ ಕಚೇರಿ ಬಾಗಿಲ ಸಂದಿಗೆ ಇಡಿಸಿದ್ರು. ಜವಾನ ಹಳೇ ಸ್ನೇಹಿತ, ಒಂದೇ ಸಲಕ್ಕೆ ಮುಚ್ಚಿದ.

ಇದನ್ನ ಎಡಗೈಲಿ ಬರೀತಿದೀನಿ, ಅಕ್ಷರ ದುಂಡಗಿಲ್ಲ. ಆ ಹೆಂಗಸು ಈಗ್ಲೂ ಸಂತೆಗೆ ಬರ್ತಾಳೆ, ಕಾಲರಾ ಅಂತ ಬರೆದೋನು ನಾನೇ ಅಂತ ಗೊತ್ತಲ್ಲ, ನನ್ನ ಕಂಡ್ರೆ ಮುಖ ತಿರುಗಿಸ್ತಾಳೆ. ಏರಿ ಮಾತ್ರ ಆಮೇಲೆ ಕುಸಿದಿಲ್ಲ.