ಫೋನಿನಲ್ಲಿ ಅಂದ ‘ಆಯ್ತು ಬುಡಿ’

ನಮ್ಮ ಫುಟ್‌ಬಾಲ್ ಕ್ಲಬ್ಬು ಮಂಡ್ಯ ಬಿಟ್ಟು ಹೋದದ್ದಕ್ಕೆ ಅದನ್ನು ವಹಿಸಿಕೊಂಡ ಕಂಪನಿಯನ್ನು ಬೈಯದವರು ಊರಲ್ಲಿ ಯಾರೂ ಇಲ್ಲ. ನಾನೂ ಬೈದಿದ್ದೇನೆ, ಎಲ್ಲರಿಗಿಂತ ಗಟ್ಟಿಯಾಗಿ. ಪಿ.ಟಿ. ಟೀಚರ ಗಂಟಲು ಇದು, ಮೈದಾನದ ಆ ಮೂಲೆಗೂ ಕೇಳುತ್ತದೆ. ಆದರೆ ಬೈಯುವಾಗೆಲ್ಲ ಒಂದು ವಿಷಯ ನುಂಗಿಕೊಂಡೇ ಬೈದಿದ್ದೇನೆ. ಅದನ್ನು ಈಗ ಹೇಳಬೇಕು.

ಕ್ಲಬ್ಬು ಶುರುವಾದಾಗ ಹೆಗಲು ಕೊಟ್ಟವರು ಇಬ್ಬರೇ. ಮದ್ದೂರಿನ ಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದ ನಾನು ಕಾರ್ಯದರ್ಶಿ. ಕೆರಗೋಡಿನ ಕಬ್ಬು ಬೆಳೆಗಾರರೊಬ್ಬರು ಅಧ್ಯಕ್ಷರು. ಆಫ್‌ಸೈಡ್ ಅಂದರೇನು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. “ಗೋಲ್ ಒಡುದ್ಮೇಲೆ ಅದೇನವ್ವ ಲೆಕ್ಕಕ್ಕಿಲ್ಲ ಅನ್ನದು? ಯಾವ ಸೀಮೆ ನ್ಯಾಯ ಇದು?” ಅಂತ ರೆಫ್ರಿ ಮೇಲೆ ಏರಿ ಹೋಗುತ್ತಿದ್ದರು, ನಾನು ಹಿಂದಿನಿಂದ ಟವಲು ಹಿಡಿದು ಎಳೆಯುತ್ತಿದ್ದೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯ ಆಟಗಾರರನ್ನೂ ತಮ್ಮ ಟೆಂಪೋದಲ್ಲೇ ತುಂಬಿಕೊಂಡು ಬರುವರು. ಆಟಕ್ಕೆ ಮುಂಚೆ ಅಚ್ಚುಬೆಲ್ಲ ಒಡೆದು ಹನ್ನೊಂದು ಜನಕ್ಕೂ ತಾವೇ ಹಂಚುವರು. ಎದುರು ತಂಡಕ್ಕೂ ಬಿಡುತ್ತಿರಲಿಲ್ಲ. “ನಮ್ಮೂರ್ಗೆ ಬಂದವ್ರೆ, ಬಾಯ್ ಸೀ ಮಾಡ್ದೆ ಕಳ್ಸಕಾದದಾ?” ಅನ್ನುವರು.

ಹಾಗೇ ಆಡುತ್ತಾ ಆಡುತ್ತಾ ರಾಜ್ಯದ ದೊಡ್ಡ ಲೀಗಿಗೆ ಏರಿಬಿಟ್ಟೆವು. ಅಲ್ಲಿ ಬೆಲ್ಲ ಮತ್ತು ಟೆಂಪೋ ಸಾಲದು. ಆಗ ಪೈಪು ತಯಾರಿಸುವ ಕಂಪನಿಯೊಂದು ಬಂದು, ತಂಡವನ್ನು ನಾವು ವಹಿಸಿಕೊಳ್ಳುತ್ತೇವೆ ಎಂದಿತು. ಕರಾರಿನಲ್ಲಿ ನಾನೇ ಹಟ ಹಿಡಿದು ಒಂದು ಸಾಲು ಸೇರಿಸಿದೆ: ಮೂಲ ಸಂಘದ, ಅಂದರೆ ನಮ್ಮ, ಒಪ್ಪಿಗೆ ಇಲ್ಲದೆ ತಂಡವನ್ನು ಮಂಡ್ಯ ಜಿಲ್ಲೆಯ ಹೊರಗೆ ಒಯ್ಯುವಂತಿಲ್ಲ. ಅಧ್ಯಕ್ಷರು ಆ ಸಾಲನ್ನು ಎರಡು ಸಲ ಓದಿಸಿ ಕೇಳಿದರು. “ಅಷ್ಟಿದ್ರೆ ಸಾಕು ಕಣವ್ವ, ನಂಗೆ ನಿದ್ದೆ ಬತ್ತದೆ” ಎಂದರು.

ಸುಳ್ಳು ಯಾಕೆ ಹೇಳಲಿ, ಮೊದಲೆರಡು ವರ್ಷ ಕಂಪನಿ ಚೆನ್ನಾಗಿಯೇ ನೋಡಿಕೊಂಡಿತು. ಆಟಗಾರರಿಗೆ ತಿಂಗಳ ಸಂಬಳ ಬಂತು. ಪೂರಿಗಾಲಿಯ ನಮ್ಮ ಗೋಲ್‌ಕೀಪರು ಮಂಡಿ ಮುರಿದುಕೊಂಡಾಗ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದರು. ನಾವು ಮಾತ್ರ ಇದ್ದಿದ್ದರೆ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿ ಕೂರಿಸುತ್ತಿದ್ದೆವು. ಆಮೇಲೆ ನಮ್ಮ ಹಸಿರು ಜರ್ಸಿ ಹೋಗಿ ಕಂಪನಿಯ ಕೇಸರಿ ಬಣ್ಣ ಬಂತು. ಎದೆ ಮೇಲೆ ಕಂಪನಿಯ ಹೆಸರು, ಅದರ ಕೆಳಗೆ ಮಂಡ್ಯ. ಮುಂದಿನ ವರ್ಷ ಮಂಡ್ಯ ತೋಳಿಗೆ ಸರಿಯಿತು. ಅದರ ಮುಂದಿನ ವರ್ಷ ಕಾಲರಿನ ಹಿಂದೆ, ಹೇನಿನಷ್ಟು ಅಕ್ಷರ. ಆಹಾರ ತಜ್ಞೆಯೊಬ್ಬಳು ಬಂದು ಬೆಲ್ಲ ನಿಲ್ಲಿಸಿದಳು. ಅಧ್ಯಕ್ಷರು ಜಗಳ ಆಡಲಿಲ್ಲ. ಬೆಲ್ಲವನ್ನು ಟವಲಿನಲ್ಲಿ ಕಟ್ಟಿಕೊಂಡು ಬಂದು ಗ್ಯಾಲರಿಯಲ್ಲಿ ಅಕ್ಕಪಕ್ಕ ಕೂತವರಿಗೆ ಹಂಚಿದರು.

ಆ ಫೋನು ಬಂದದ್ದು ನಮ್ಮ ಸ್ಕೂಲಿನ ಸ್ಪೋರ್ಟ್ಸ್ ಡೇ ದಿನ. ಕೈಯಲ್ಲಿ ಸುಣ್ಣದ ಬಾಂಡ್ಲಿ, ಕೊರಳಲ್ಲಿ ಸೀಟಿ, ನೆತ್ತಿ ಸುಡುವ ಬಿಸಿಲು. ರಿಲೇ ಓಟಕ್ಕೆ ಮಕ್ಕಳು ಸಾಲು ನಿಂತಿದ್ದರು. ಕಂಪನಿಯ ಅಧಿಕಾರಿ ಕನ್ನಡದವರೇ, ಉಡುಪಿ ಕಡೆಯವರು, ಒಳ್ಳೆಯ ಮಾತುಗಾರರು. “ಮೇಡಂ, ಮುಂದಿನ ಸೀಸನ್ನಿಗೆ ತಂಡವನ್ನು ಬೇರೆ ಊರಿಗೆ ಶಿಫ್ಟ್ ಮಾಡುವ ಅಂತ ಇದೆ. ಅಧ್ಯಕ್ಷರು ಫೋನ್ ತೆಗೀತಾ ಇಲ್ಲ. ಸಂಘದ ಪರವಾಗಿ ನೀವು ಹೇಳಿದ್ರೆ ಸಾಕು” ಎಂದರು. ನಾನು ಆಗೋದಿಲ್ಲ ಎಂದೆ. ಅವರು ಸ್ಟೇಡಿಯಂ ಎಂದರು, ಪ್ರೇಕ್ಷಕರು ಎಂದರು, ಆಟಗಾರರ ಭವಿಷ್ಯ ಎಂದರು. ಮತ್ತೆ ಆಗೋದಿಲ್ಲ ಎಂದೆ. ಆ ಮನುಷ್ಯ ಬಿಡಲೇ ಇಲ್ಲ. ಅತ್ತ ಹೆಡ್‌ಮಾಸ್ಟರು ಕೈ ಬೀಸಿ ಕರೆಯುತ್ತಿದ್ದರು. ನನಗೆ ರೇಗಿಹೋಯಿತು. “ಆಯ್ತು ಬುಡಿ ಸಾರ್” ಅಂದು ಫೋನಿಟ್ಟೆ.

ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಆಯ್ತು ಬುಡಿ’ ಅಂದರೆ ಒಪ್ಪಿದೆ ಅಂತಲೂ ಹೌದು. ನಿನ್ನ ಹತ್ತಿರ ಮಾತಾಡಿ ಸಾಕಾಯಿತು, ಎದ್ದು ನಡಿ ಅಂತಲೂ ಹೌದು. ನೀನು ಮಾಡಿದ್ದು ಎದೆಗೆ ನಾಟಿದೆ, ಇನ್ನು ಆಡಿ ಏನು ಉಪಯೋಗ ಅಂತಲೂ ಹೌದು. ಹೇಳುವವರ ಮುಖ ನೋಡಿ, ದನಿ ಕೇಳಿ ತಿಳಿದುಕೊಳ್ಳಬೇಕು. ಫೋನಿನಲ್ಲಿ ಮುಖ ಎಲ್ಲಿರುತ್ತದೆ?

ಹದಿನೈದು ದಿನಕ್ಕೆ ಸ್ಕೂಲಿನ ವಿಳಾಸಕ್ಕೆ ಪತ್ರ ಬಂತು. ‘ಕಾರ್ಯದರ್ಶಿಯವರು ದೂರವಾಣಿಯಲ್ಲಿ ನೀಡಿದ ಒಪ್ಪಿಗೆಯ ಮೇರೆಗೆ’ ಅಂತ ಬರೆದಿತ್ತು. ಆ ಅಧಿಕಾರಿಗೆ ಫೋನ್ ಮಾಡಿ ಕಿರುಚಾಡಿದೆ. “ಆಯ್ತು ಅಂತ ನೀವೇ ಹೇಳಿದ್ದಲ್ವಾ ಮೇಡಂ? ಆಕ್ಷೇಪ ಇದ್ದರೆ ಒಂದು ವಾರದಲ್ಲಿ ತಿಳಿಸಿ ಅಂತ ಮೇಲ್ ಕೂಡ ಹಾಕಿದ್ದೆವು” ಎಂದರು. ಆ ಮೇಲ್ ಹೋದದ್ದು ಸಂಘದ ಹೆಸರಿನ ವಿಳಾಸಕ್ಕೆ. ಅದರ ಪಾಸ್‌ವರ್ಡ್ ಇದ್ದದ್ದು ಕಂಪನಿಯ ಆಫೀಸಿನಲ್ಲಿ! ಅವರೇ ಕಳಿಸಿ, ಅವರೇ ತೆಗೆದುಕೊಂಡು, ಅವರೇ ಸುಮ್ಮನಿದ್ದರು.

ಮಂಡ್ಯದ ವಕೀಲರೊಬ್ಬರ ಹತ್ತಿರ ಒಬ್ಬಳೇ ಹೋದೆ. ನಾನಂದ ಮಾತು ಕೇಳಿ ಮೊದಲು ನಕ್ಕುಬಿಟ್ಟರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಂಗೆ ಅರ್ಥ ಆಯ್ತದೆ ಕಣಮ್ಮ, ನಾನೂ ಇದೇ ನೀರ್ ಕುಡುದ್ ಬೆಳ್ದೋನು. ಆದ್ರೆ ಜಡ್ಜ್ ಮುಂದೆ ನಿಂತು, ಆಯ್ತು ಅಂದ್ರೆ ಆಗಲ್ಲ ಅಂತ ಅರ್ಥ ಸ್ವಾಮಿ ಅಂತ ಎಂಗಮ್ಮ ವಾದ ಮಾಡ್ಲಿ?” ಎಂದರು. ಪತ್ರವನ್ನು ಮಡಿಚಿ ಬ್ಯಾಗಿನ ಒಳಜೇಬಿಗೆ ಹಾಕಿಕೊಂಡು ಬಂದೆ. ಅಧ್ಯಕ್ಷರಿಗೆ ತೋರಿಸಲಿಲ್ಲ. ಸುದ್ದಿ ಊರಿಗೆಲ್ಲ ತಿಳಿದ ಮೇಲೆ, ತಂಡ ಉಳಿಸಿಕೊಡಿ ಅಂತ ಅವರು ಆಫೀಸಿನಿಂದ ಆಫೀಸಿಗೆ ಅರ್ಜಿ ಹಿಡಿದು ಅಲೆದರು, ನಾನೂ ಜೊತೆಗೆ ಅಲೆದೆ. ನನಗೆ ನಾಚಿಕೆ ಆಗಬೇಕಿತ್ತು. ಆಗಿತ್ತು ಕೂಡ, ಆದರೆ ಪತ್ರ ಬ್ಯಾಗಿನಿಂದ ಹೊರಗೆ ಬರಲಿಲ್ಲ.

ಹೊಸ ಊರಿನಲ್ಲಿ ತಂಡದ ಮೊದಲ ಆಟದ ದಿನ ಸಂಜೆ ಅಧ್ಯಕ್ಷರು ನಮ್ಮ ಹಳೇ ಮೈದಾನಕ್ಕೆ ಬಂದಿದ್ದರು. ಗೇಟಿಗೆ ಬೀಗ. ಎದುರಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಟವಲಿನ ಗಂಟು ಇಟ್ಟುಕೊಂಡು ಕೂತಿದ್ದರು. ಅಭ್ಯಾಸಬಲ, ಬೆಲ್ಲ ತಂದಿದ್ದರು. ನನ್ನ ಮೊಬೈಲಿನಲ್ಲಿ ಇಬ್ಬರೂ ಆಟ ನೋಡಿದೆವು. ಪೂರಿಗಾಲಿಯವನು ಗೋಲಿನಲ್ಲಿ ನಿಂತಿದ್ದ. ಅಧ್ಯಕ್ಷರು ಫೋನನ್ನು ಕಣ್ಣ ಹತ್ತಿರ ಹಿಡಿದು ತುಂಬಾ ಹೊತ್ತು ಹುಡುಕಿದರು.

“ಮಂಡ್ಯ ಎಲ್ಲವ್ವ, ಅಂಗಿ ಮ್ಯಾಲೆ?”

“ಇಲ್ಲ ಅಧ್ಯಕ್ಷರೆ. ತೆಗೆದುಬಿಟ್ಟರು.”

“ನೀನು ಒಂದು ಸಾಲು ಬರ್ಸಿದ್ಯಲ್ಲ, ಒಪ್ಗೆ ಇಲ್ದೆ ತಕ್ಕಂಡೋಗಂಗಿಲ್ಲ ಅಂತ. ಅದುನ್ನ ಎಂಗ್ ದಾಟುದ್ರು ಅವ್ರು? ನಂಗೆ ಅದೊಂದೆ ತಿಳೀನಿಲ್ಲ.”

ಇನ್ನು ನುಂಗಲಾಗಲಿಲ್ಲ. ಬ್ಯಾಗಿನಿಂದ ಪತ್ರ ತೆಗೆದು ಅವರ ಕೈಗಿಟ್ಟೆ. ಸ್ಪೋರ್ಟ್ಸ್ ಡೇ, ಬಿಸಿಲು, ಫೋನು, ನಾನಂದ ಎರಡು ಮಾತು, ಎಲ್ಲ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅವರು ನನ್ನ ಮುಖ ನೋಡಲಿಲ್ಲ. ಗಂಟು ಬಿಚ್ಚಿ, ಒಂದಚ್ಚು ಬೆಲ್ಲ ತೆಗೆದು, ಬೆಂಚಿನ ಅಂಚಿಗೆ ಕುಟ್ಟಿ ಎರಡು ಹೋಳು ಮಾಡಿದರು. ಒಂದನ್ನು ನನ್ನ ಅಂಗೈಗೆ ಹಾಕಿದರು. ಇನ್ನೊಂದನ್ನು ತಾವು ತಿನ್ನದೆ ಮತ್ತೆ ಟವಲಿನಲ್ಲಿ ಕಟ್ಟಿದರು.

“ಆಯ್ತು ಬುಡವ್ವ” ಎಂದರು.

ಕೆರಗೋಡಿನ ಬಸ್ಸು ಬಂತು. ಅಧ್ಯಕ್ಷರು ಎದ್ದರು. ಯಾವ ಆಯ್ತು ಬುಡು ಅಂತ ಕೇಳಬೇಕೆಂದು ಅವರ ಹಿಂದೆಯೇ ಎರಡು ಹೆಜ್ಜೆ ಹೋದೆ. ಮುಖವಾದರೂ ಕಂಡೀತು ಅಂದುಕೊಂಡೆ. ಅವರು ಬಸ್ಸಿನ ಆ ಕಡೆಯ ಕಿಟಕಿಯ ಹತ್ತಿರ ಹೋಗಿ ಕೂತರು.