ಖಿಡಕಿ ಅಂದದ್ದಕ್ಕೆ

ಸೇಡಂ ಕಡೆಯ ಮರಗಮ್ಮ, ಗಂಡ ಜಟ್ಟೆಪ್ಪನ ಜೊತೆ ಥಾಣೆಯ ಘೋಡಬಂದರ್ ರಸ್ತೆಯ ಒಂದು ಸೈಟಿಗೆ ಕೂಲಿಗೆ ಬಂದಿದ್ದಳು. ಊರಲ್ಲಿ ಅವಳು ಕಂಡದ್ದು ಹೊಗೆ ಹೋಗಲು ಮಾಳಿಗೆಗೆ ತೆರೆದ ಬೆಳಕಿಂಡಿ, ಗೋಡೆಯಲ್ಲಿ ಸರಳು ಕೂಡಿಸಿದ ಖಿಡಕಿ, ಅಷ್ಟೇ. ಇಲ್ಲಿ ಒಂಬತ್ತನೇ ಮಹಡಿಯಲ್ಲಿ ನೆಲದಿಂದ ಸೂರಿನವರೆಗೂ ಗೋಡೆಯೇ ಇಲ್ಲದ್ದನ್ನು ನೋಡಿ ಬೆಚ್ಚಿದಳು.

"ಇಷ್ಟ್ ಮ್ಯಾಲ ಬಾಗ್ಲ ಯಾಕ ಇಟ್ಟಾರ?"

ಜಟ್ಟೆಪ್ಪ ನಕ್ಕ. "ಬಾಗ್ಲ ಅಲ್ಲ ಹುಚ್ಚಿ, ಖಿಡಕಿ. ಫ್ರೆಂಚ್ ಖಿಡಕಿ ಅಂತಾರ. ಮುಂದ ಗ್ಲಾಸ್ ಕೂಡಸ್ತಾರ."

ಆಮೇಲೆ ಅವಳೂ ಖಿಡಕಿ ಎಂದೇ ಅನ್ನತೊಡಗಿದಳು.

ಗ್ಲಾಸ್ ಬರಲಿಲ್ಲ, ಅಡ್ಡ ಒಂದು ಹಗ್ಗವನ್ನೂ ಕಟ್ಟಲಿಲ್ಲ. ಮಳೆಗಾಲದಲ್ಲಿ, ರಾಡಿಯಾದ ನೆಲದ ಮೇಲೆ ಸಿಮೆಂಟ್ ಚೀಲ ಹೊತ್ತು ತಿರುಗುತ್ತಿದ್ದ ಜಟ್ಟೆಪ್ಪನ ಕಾಲು ಜಾರಿತು. ಮರಳಿನ ಪುಟ್ಟಿ ಹೊತ್ತು ಹಿಂದೆಯೇ ಬರುತ್ತಿದ್ದ ಮರಗಮ್ಮನ ಕಣ್ಣೆದುರೇ ಅವನು ಕೆಳಗೆ ಹೋದ.

ಪೊಲೀಸ್ ಚೌಕಿಗೆ ಅವಳ ಜೊತೆ ಸೈಟಿನ ಸ್ಟೋರ್ ನೋಡಿಕೊಳ್ಳುವ ಉಡುಪಿಯ ಭುಜಂಗ ಬಂದ. ಕನ್ನಡ, ಮರಾಠಿ ಎರಡೂ ಬಲ್ಲವನು ಅವನೊಬ್ಬನೇ.

"ಎಲ್ಲಿಂದ ಬಿದ್ದದ್ದು, ಹೇಳು ಮಾರಾಯ್ತಿ."

"ಖಿಡಕ್ಯಾಗಿಂದ ಬಿದ್ದನ್ರಿ."

ಖಿಡಕಿ ಮರಾಠಿಯಲ್ಲೂ ಖಿಡಕಿಯೇ, ಆ ಮಾತನ್ನು ಹವಾಲ್ದಾರನಿಗೆ ಯಾರೂ ತಿಳಿಸಿ ಹೇಳಬೇಕಿರಲಿಲ್ಲ. ಅವನು ಚೌಕಿಯ ಕಿಟಕಿಯತ್ತ ಕೈ ಮಾಡಿ, ಸೊಂಟದೆತ್ತರದ ಖಿಡಕಿಯಿಂದ ಬೀಳಬೇಕಾದರೆ ಅದನ್ನು ಏರಿರಬೇಕಲ್ಲ ಎಂದು ಮರಾಠಿಯಲ್ಲಿ ಕೇಳಿದ. ದಿನವೂ ಆ ಮಹಡಿಗೆ ಹೋಗಿಬರುತ್ತಿದ್ದ ಭುಜಂಗ ಹೌದು, ಏರಿರಬೇಕು ಎಂದ. ಮರಗಮ್ಮನಿಗೆ ಏನೂ ತಿಳಿಯಲಿಲ್ಲ. ಹವಾಲ್ದಾರ ಬರೆದುಕೊಂಡ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಜಟ್ಟೆಪ್ಪ ಕುಡಿದು ಖಿಡಕಿ ಏರಿದ್ದನೆಂದು ಚೌಕಿಯಲ್ಲಿ ಬರೆದಿದ್ದಾರಂತೆ, ತಪ್ಪು ಅವನದೇ ಅಂತೆ, ಪರಿಹಾರ ಇಲ್ಲವಂತೆ ಎಂಬ ಸುದ್ದಿಯನ್ನು ಊರಿಂದ ಬಂದಿದ್ದ ಮೈದುನ ಚಂದ್ರಾಮ ತಂದಾಗ ಅವಳು ಸ್ಟೋರಿಗೆ ಓಡಿದಳು.

"ನೀವ ದಿನಾ ನೋಡೀರಿ ಸಾಹೇಬ್ರ. ನೆಲದ ಮಟ್ಟಕ್ಕ ಇತ್ತದು. ಏರಾಕ ಅಲ್ಲಿ ಏನಿತ್ರಿ?"

"ಖಿಡಕಿ ಅಂತ ಹೇಳಿದ್ದು ನೀನೇ ಅಲ್ವಾ? ನಾನೆಂತ ಮಾಡುದು? ನಂಗೂ ಹೆಂಡ್ತಿ ಮಕ್ಕಳುಂಟು."

"ನಮ್ಮ ಭಾಷಾದವ್ರು ಅಂತ ನಂಬಿದ್ನಲ್ರಿ..."

ಭುಜಂಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಚಂದ್ರಾಮನಿಗಾದರೂ ಆ ಜಾಗ ತೋರಿಸೋಣವೆಂದರೆ ವಾಚ್‌ಮನ್ ಒಳಗೇ ಬಿಡಲಿಲ್ಲ. ಬಿಟ್ಟಿದ್ದರೂ ತೋರಿಸಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಗ್ಲಾಸ್ ಕೂಡಿಸಿಯಾಗಿತ್ತು.

ಮರಗಮ್ಮ ಊರಿಗೆ ಮರಳಲಿಲ್ಲ. ಕಾಮೋಠೆಯಲ್ಲಿ ಬೇರೆ ಸೈಟು ಹಿಡಿದು, ಮಗಳು ಸುಲೋಚನಾಳನ್ನು ಮರಾಠಿ ಶಾಲೆಗೆ ಹಾಕಿದಳು. "ಛಲೋತ್ನಾಗ ಕಲಿ. ನಿನ್ನ ಮಾತು ನೀನ ಹೇಳು, ಯಾರ ಬಾಯಾಗೂ ಕೊಡಬ್ಯಾಡ," ಎಂದು ಹೊಡೆದೂ ಬಡಿದೂ ಕಲಿಸಿದಳು.

ಹುಡುಗಿ ಕಲಿತಳು. ಈಗ ಅವ್ವ ಏನು ಕೇಳಿದರೂ ಮರಾಠಿಯಲ್ಲೇ ಉತ್ತರ ಕೊಡುತ್ತಾಳೆ. ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಮರಗಮ್ಮ ಮತ್ತೊಮ್ಮೆ ಕೇಳುವುದಿಲ್ಲ.